ಅಂಗೈಯ ಅಳತೆ

ಕುಮಟಾ
12 ಜನವರಿ 2025

ಅತ್ತೆಯವರಿಗೆ ಶೈಲಾಳ ನಮಸ್ಕಾರ. ಮಾವನವರಿಗೂ ತಿಳಿಸಿ.

ಫೋನು ಸುಶ್ಮಿತಾಳಿಗೆ, ಕಾಗದ ನಮ್ಮಿಬ್ಬರಿಗೆ ಎಂದು ಹೋದ ವರ್ಷ ನೀವೇ ಮಾಡಿದ ಕಟ್ಟಳೆ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ದನಿ ಏರಿಸುತ್ತೇವೆ, ನನ್ನ ಮಗಳು ನಿಮ್ಮ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಾಳೆ. ಕಟ್ಟಳೆ ಒಳ್ಳೆಯದೇ. ಅದಕ್ಕೇ ಬರೆಯುತ್ತಿದ್ದೇನೆ.

ಈ ಪಾರ್ಸೆಲ್ಲಿನಲ್ಲಿ ಎರಡು ಕಪ್ಪು ಹಿಡಿಕೆಗಳಿವೆ. ಬಂದೂಕಿನ ಭಾಗಗಳಲ್ಲ, ಗಾಬರಿಯಾಗಬೇಡಿ. ನಾನು ಕೆಲಸ ಮಾಡುವ ಜಲಕ್ರೀಡೆ ಕೇಂದ್ರದಲ್ಲಿ ವಿಂಗ್ ಫಾಯಿಲಿಂಗ್ ಎಂಬ ಆಟ ಕಲಿಸುತ್ತಾರೆ. ಗಾಳಿ ತುಂಬಿದ ಬಟ್ಟೆಯ ರೆಕ್ಕೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಹಲಗೆಯ ಮೇಲೆ ನಿಲ್ಲಬೇಕು. ಹಲಗೆಯ ಕೆಳಗೆ ನೀರೊಳಗೆ ಒಂದು ಅಲಗು ಇರುತ್ತದೆ. ಗಾಳಿ ರೆಕ್ಕೆಯನ್ನು ಎಳೆದಾಗ ಆ ಅಲಗು ಹಲಗೆಯನ್ನು ನೀರಿನಿಂದ ಮೇಲೆತ್ತುತ್ತದೆ. ಎರಡು ವರ್ಷದ ಹಿಂದೆ ನಾನು ಇಲ್ಲಿಗೆ ಬಂದದ್ದು ಹರಿದ ರೆಕ್ಕೆ ಹೊಲಿಯಲು. ಈಗ ಅದೇ ರೆಕ್ಕೆ ಹಿಡಿದು ನೀರಿನ ಮೇಲೆ ಹೋಗುತ್ತೇನೆ. ಮುಂಡರಗಿ ಕಡೆಯ ಹೊಳೆದಂಡೆಯಲ್ಲಿ ಬೆಳೆದವಳಿಗೆ ನೀರು ಹೊಸದಲ್ಲ, ನಿಮಗೂ ಗೊತ್ತು.

ಹಳೆಯ ರೆಕ್ಕೆಗಳಿಗೆ ಬಟ್ಟೆಪಟ್ಟಿಯ ಹಿಡಿಕೆ ಇತ್ತು, ಕೈಗೆ ಹಿಡಿತ ಸಿಗುತ್ತಿತ್ತು. ಈ ಸಲ ಬಂದ ಹೊಸ ರೆಕ್ಕೆಗಳಿಗೆ ಈ ಗಟ್ಟಿ ಹಿಡಿಕೆ. ಒಣಗಿದ್ದಾಗಲೇ ನುಣುಪು. ಉಪ್ಪುನೀರು ತಾಗಿದರಂತೂ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಸೈಕಲ್ಲಿನ ಟೇಪು, ಕ್ರಿಕೆಟ್ ಬ್ಯಾಟಿನ ರಬ್ಬರು ಎಲ್ಲ ಸುತ್ತಿ ನೋಡಿದೆವು, ಎರಡು ದಿನಕ್ಕೆ ಅಂಟು ಬಿಡುತ್ತದೆ. ಆಗ ನೆನಪಾದದ್ದು ನೀವು. ಮದುವೆಯಾಗಿ ಬಂದ ವಾರದಲ್ಲೇ ಮಗ್ಗದ ಲಾಳಿ ಎಳೆಯುವ ಹಿಡಿಕೆ ಜಾರಿ ಜಾರಿ ನನ್ನ ಕೈಯೆಲ್ಲ ಬೊಬ್ಬೆ ಎದ್ದಿತ್ತು. ನೀವು ನನ್ನ ಅಂಗೈ ಸುತ್ತ ದಾರ ತಂದು ಅಳತೆ ತೆಗೆದು, ಆ ಅಳತೆಗೆ ತಕ್ಕಂತೆ ಹಿಡಿಕೆಗೆ ನೂಲು ಸುತ್ತಿಕೊಟ್ಟಿರಿ. ಮರುದಿನದಿಂದ ಒಂದು ಸಲವೂ ಜಾರಲಿಲ್ಲ.

ಏಪ್ರಿಲ್ ಆರಕ್ಕೆ ತರಬೇತುದಾರರ ಪರೀಕ್ಷೆ ಇದೆ, ಅದನ್ನು ಹೊಸ ರೆಕ್ಕೆಯಲ್ಲೇ ಕೊಡಬೇಕು. ಪಾಸಾದರೆ ಕಾಯಂ ಕೆಲಸ, ಈಗ ತಾತ್ಕಾಲಿಕವಾಗಿ ಕೊಟ್ಟಿರುವ ಕೋಣೆಯೂ ನನ್ನದೇ. "ಕಾಯಂ ಕೆಲಸ, ಸ್ವಂತ ಕೋಲಿ ಆದ ದಿನಾ ನಿನ್ನ ಕೂಸನ್ನ ಕರಕೊಂಡು ಹೋಗು, ನಾ ಒಂದ್ ಮಾತೂ ಅನ್ನಂಗಿಲ್ಲ" ಎಂದು ಪಕ್ಕದ ಮನೆಯ ಹಸೀನಾಬಿಯವರ ಎದುರಿಗೆ ನೀವೇ ಹೇಳಿದ್ದಿರಿ. ಆ ದಿನ ಹತ್ತಿರ ಬಂದಿದೆ.

ಅಂಗೈ ಅಳತೆಯ ದಾರ ಪಾರ್ಸೆಲ್ಲಿನಲ್ಲೇ ಇದೆ.

ಶೈಲಾ

ಬೆಟಗೇರಿ
21 ಜನವರಿ 2025

ಶೈಲಾಳಿಗೆ ಆಶೀರ್ವಾದ.

ಪಾರ್ಸೆಲ್ಲು ಬಂತು. ಓಣಿಯ ಜನರೆಲ್ಲ ಬಂದು ಆ ಕರೀ ಹಿಡಿಕೆ ಮುಟ್ಟಿ ನೋಡಿದರು. ಹಸೀನಾಬಿ ಮೂಗಿನ ಹತ್ತಿರ ಹಿಡಿದು, "ಇದು ಯಾವುದೋ ಡಾಕ್ಟರ್ ಸಾಮಾನು ಐತಿ ಸುಮಿತ್ರಾ, ದೂರ ಇಡು" ಅಂದಳು. ನಿನ್ನ ಮಗಳು ಮಾತ್ರ ಎರಡೂ ಹಿಡಿಕೆ ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಹಾರುತ್ತಿದ್ದಾಳೆ. ಬಿಂಕದಕಟ್ಟಿ ಝೂಗೆ ಹೋಗಿಬಂದ ಮೇಲೆ ನವಿಲು ಆಗುತ್ತಿದ್ದಳು, ಈಗ ಇದು.

ನೀನು ಕಾಗದದಲ್ಲಿ ಎಲ್ಲ ಚೆನ್ನಾಗಿ ಬರೆದಿದ್ದೀಯ. ಬಹಳ ಚೆನ್ನಾಗಿ ಬರೆದಿದ್ದೀಯ. ಎರಡು ವರ್ಷ ನನ್ನ ಕಡೆ ತಿರುಗಿ ನೋಡದವಳಿಗೆ ಈಗ ಬೊಬ್ಬೆಯ ಕಥೆ ನೆನಪಾಗಿದೆ. ಇರಲಿ.

ನನಗೆ ಒಂದೇ ಮಾತು ಹೇಳು. ಈ ದಾರ ಯಾರ ಕೈಯದು?

ನಮ್ಮ ಮನೆಯಲ್ಲಿ ಒಬ್ಬೊಬ್ಬರ ಅಳತೆ ದಾರ ಮಗ್ಗದ ಮೊಳೆಗೆ ಕಟ್ಟಿರುವುದು ನಿನಗೆ ಗೊತ್ತು. ನಿನ್ನದು ಇನ್ನೂ ಬಿಚ್ಚಿಲ್ಲ. ಸಿದ್ದಲಿಂಗೇಶನದೂ ಬಿಚ್ಚಿಲ್ಲ. ಶಿರಹಟ್ಟಿ ರಸ್ತೆಯಲ್ಲಿ ನನ್ನ ಮಗ ಗಾಡಿಯಿಂದ ಬಿದ್ದು ತೀರಿಹೋಗಿ ಮೂರು ವರ್ಷವಾಯಿತು, ಆ ದಾರ ಬಿಚ್ಚಲು ನನಗೆ ಕೈ ಬರುವುದಿಲ್ಲ. ನೀನು ಕಳಿಸಿದ ದಾರವನ್ನು ನಿನ್ನ ಹಳೆಯ ದಾರದ ಪಕ್ಕಕ್ಕಿಟ್ಟೆ. ಒಂದು ಬೆರಳಗಲ ಹೆಚ್ಚಿದೆ. ನನ್ನ ಮಗನ ದಾರದ ಪಕ್ಕಕ್ಕಿಟ್ಟೆ. ಸರಿಸಮ.

ಅದು ಗಂಡಸಿನ ಅಂಗೈ. ಬಾಯಿ ಏನು ಬೇಕಾದರೂ ಹೇಳಬಹುದು, ದಾರ ಸುಳ್ಳು ಹೇಳುವುದಿಲ್ಲ. ನಿನ್ನ ವಯಸ್ಸು ಚಿಕ್ಕದು, ನೀನು ಮತ್ತೊಂದು ಸಂಸಾರ ಮಾಡಿಕೊಂಡರೆ ಬೇಡ ಎನ್ನುವವಳು ನಾನಲ್ಲ. ಆದರೆ ಎಂಟು ವರ್ಷದ ಹುಡುಗಿ ಯಾರ ಮನೆಗೆ ಹೋಗುತ್ತಾಳೆ ಎಂದು ತಿಳಿಯುವ ಹಕ್ಕು ನನಗಿದೆ. ಅದು ತಿಳಿಯುವ ತನಕ ಹಿಡಿಕೆ ಹೀಗೇ ಇರುತ್ತದೆ.

ಸುಮಿತ್ರವ್ವ

ಕುಮಟಾ
29 ಜನವರಿ 2025

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಆ ದಾರ ನನ್ನ ಕೈಯದೇ. ಇಲ್ಲಿ ದಿನಕ್ಕೆ ಐದಾರು ತಾಸು ನೀರಿನಲ್ಲಿ ಇರುತ್ತೇವೆ, ಕೈ ಉಬ್ಬುತ್ತದೆ. ನೀರಿನಿಂದ ಬಂದ ಮೇಲೆ ಅಳತೆ ತೆಗೆದಿದ್ದಕ್ಕೆ ಹಾಗಾಗಿದೆ. ಅಷ್ಟೇ.

ಯಾವ ಗಂಡಸೂ ಇಲ್ಲ. ಕೇಂದ್ರದ ಮುಖ್ಯಸ್ಥ ಸುದೀಪ ಸರ್‌ಗೆ ಐವತ್ತೆಂಟು ವರ್ಷ, ಅವರ ಹೆಂಡತಿಯೇ ನಮಗೆಲ್ಲ ಅಡುಗೆ ಮಾಡಿ ಹಾಕುತ್ತಾರೆ. ಇದನ್ನೆಲ್ಲ ನಿಮಗೆ ವಿವರಿಸಬೇಕಾಗಿ ಬಂದದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ.

ಹಿಡಿಕೆ ಸುತ್ತಲು ಮನಸ್ಸಿಲ್ಲದಿದ್ದರೆ ವಾಪಸು ಕಳಿಸಿಬಿಡಿ. ನಾನೇ ಸುತ್ತಿಕೊಳ್ಳುತ್ತಿದ್ದೆ, ಆದರೆ ಈಗ ಆಗುವ ಹಾಗಿಲ್ಲ. ಯಾಕೆಂದು ಕೇಳಬೇಡಿ, ಕೆಲಸ ಬಹಳ ಇದೆ.

ಶೈಲಾ

ಬೆಟಗೇರಿ
14 ಫೆಬ್ರವರಿ 2025

ಪ್ರೀತಿಯ ಶೈಲಾಳಿಗೆ ಅನೇಕ ಆಶೀರ್ವಾದಗಳು.

ಹೋದ ಕಾಗದದಲ್ಲಿ ನಾನು ಸ್ವಲ್ಪ ಹೆಚ್ಚು ಬರೆದೆ. ವಯಸ್ಸಾಯಿತು, ಇಲ್ಲದ ಸಂಶಯ ಬರುತ್ತದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಎರಡೂ ಹಿಡಿಕೆ ಸುತ್ತಿದ್ದೇನೆ. ನೀನು ಕಳಿಸಿದ ಅಳತೆಗೇ ಸುತ್ತಿದ್ದೇನೆ. ಎಳೆ ಎಳೆ ಒತ್ತೊತ್ತಾಗಿ ಕೂತಿದೆ, ಉಗುರು ಹಾಕಿದರೂ ಏಳುವುದಿಲ್ಲ. ನಿಮ್ಮ ಮಾವ ಬೆಳಕಿಗೆ ಹಿಡಿದು ನೋಡಿ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಕೆಲಸ ಚೆನ್ನಾಗಿದೆ ಎಂದೇ ಅರ್ಥ.

ಲಕ್ಷ್ಮೇಶ್ವರದ ಮಹಬೂಬಸಾಬರು ತೆಂಗಿನಕಾಯಿ ತರಲು ಕುಮಟಾಕ್ಕೆ ಲಾರಿ ಒಯ್ಯುತ್ತಾರೆ. ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ, ಟಪಾಲಿನಲ್ಲಿ ಎಲ್ಲಾದರೂ ತಿಕ್ಕಿ ಎಳೆ ಕಿತ್ತೀತು. ಅವರಿಗೆ ಒಂದು ಕಪ್ ಚಹಾ ಕೊಡು. ನಿನ್ನ ಕೋಣೆ, ಕೇಂದ್ರ ಎಲ್ಲ ತೋರಿಸು, ಪಾಪ, ಅವರೂ ಸಮುದ್ರದ ಆಟ ಯಾವಾಗ ನೋಡಿಯಾರು.

ಸುಶ್ಮಿತಾ ಆರಾಮ ಇದ್ದಾಳೆ. ಹನ್ನೆರಡರ ಮಗ್ಗಿ ಬಾಯಿಪಾಠ ಆಗಿದೆ. ನನ್ನ ಪಕ್ಕದಲ್ಲಿ ಮಲಗದೆ ನಿದ್ದೆ ಬರುವುದಿಲ್ಲ ಅವಳಿಗೆ.

ನಿನ್ನ ಅತ್ತೆ
ಸುಮಿತ್ರವ್ವ

ಕುಮಟಾ
25 ಫೆಬ್ರವರಿ 2025

ಸುಮಿತ್ರವ್ವನವರಿಗೆ,

ಮಹಬೂಬಸಾಬರು ಬಂದರು. ಚಹಾ ಕುಡಿದರು. ನನ್ನ ಕೋಣೆಯ ಗೋಡೆಗೆ ನೇತುಹಾಕಿದ ಬಟ್ಟೆಗಳನ್ನು ಒಂದೊಂದಾಗಿ ನೋಡಿದರು. ಮಂಚದ ಕೆಳಗೆ ಎಷ್ಟು ಜೊತೆ ಚಪ್ಪಲಿ ಇವೆ ಎಂದು ಬಗ್ಗಿ ನೋಡಿದರು. ಸಭ್ಯ ಮನುಷ್ಯ, ಪಾಪ, ನೋಡಲು ಅವರಿಗೇ ನಾಚಿಕೆಯಾಗುತ್ತಿತ್ತು. ಕಳಿಸಿದವರಿಗೆ ಆಗಲಿಲ್ಲ.

ಹಿಡಿಕೆಯ ಮಾತಿಗೆ ಬರುತ್ತೇನೆ. ದಂಡೆಯ ಮೇಲೆ ಎಲ್ಲರೂ ಕೈಯಲ್ಲಿ ಹಿಡಿದು ನೋಡಿ ಭೇಷ್ ಅಂದರು. ಸುದೀಪ ಸರ್ ತಮ್ಮ ಎಲ್ಲ ರೆಕ್ಕೆಗಳಿಗೂ ಹೀಗೇ ಸುತ್ತಿಸಬೇಕು ಅಂದರು. ನನ್ನ ಅತ್ತೆಯ ಕೈಕೆಲಸ ಎಂದು ನಾನು ಎಲ್ಲರೆದುರು ಜಂಬ ಕೊಚ್ಚಿಕೊಂಡೆ. ಹದಿನೆಂಟರಂದು ನೀರಿಗಿಳಿದೆ. ಮೊದಲ ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಹಿಡಿಕೆ ಕೈಯಲ್ಲಿ ಲೋಳೆಯಾಯಿತು. ನಾನು ಗಟ್ಟಿಯಾಗಿ ಹಿಡಿದಷ್ಟೂ ಅದು ಬೆರಳ ಸಂದಿಯಿಂದ ನುಣುಚಿತು. ಒಂದು ಜೋರು ಗಾಳಿಗೆ ರೆಕ್ಕೆ ಕೈಬಿಟ್ಟು ಹೋಯಿತು, ನಾನು ಬಿದ್ದೆ.

ದಂಡೆಗೆ ಬಂದು ಆ ಲೋಳೆಯನ್ನು ಮೂಸಿ ನೋಡಿದೆ. ಮೈದಾ ಗಂಜಿ.

ನಾನು ನಿಮ್ಮ ಮನೆಯಲ್ಲಿ ಏಳು ವರ್ಷ ನೇಯ್ದವಳು. ಆ ಗಂಜಿ ಕಾಯಿಸಿದವಳು, ನೂಲಿಗೆ ಹಚ್ಚಿ ಕುಂಚದಿಂದ ತಿಕ್ಕಿದವಳು. ಒಣಗಿದಾಗ ಕಡ್ಡಿಯಂತೆ ನಿಲ್ಲುವ ಆ ನೂಲು ನೀರು ಬಿದ್ದರೆ ಏನಾಗುತ್ತದೆ ಎಂದು ಬೆಟಗೇರಿಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ನಿಮಗೆ ಗೊತ್ತಿರಲಿಲ್ಲವೇ? ಮೂವತ್ತೈದು ವರ್ಷ ಮಗ್ಗದಲ್ಲಿ ಕೂತ ಸುಮಿತ್ರವ್ವನವರಿಗೆ ಗೊತ್ತಿರಲಿಲ್ಲವೇ?

ನಿಮ್ಮ ಸಿಹಿ ಕಾಗದ ಓದಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನೀವು ನನಗೆ ಎಂದಾದರೂ "ಪ್ರೀತಿಯ" ಎಂದು ಬರೆದಿದ್ದೀರಾ? ನಾನು ಪರೀಕ್ಷೆಯಲ್ಲಿ ಬಿದ್ದರೆ ಮಗು ನಿಮ್ಮಲ್ಲೇ ಉಳಿಯುತ್ತದೆ. ಇದನ್ನು ತಿಳಿಯಲು ದೊಡ್ಡ ಬುದ್ಧಿ ಏನೂ ಬೇಕಾಗಿಲ್ಲ.

ಪರೀಕ್ಷೆ ನಾನು ಕೊಟ್ಟೇ ಕೊಡುತ್ತೇನೆ. ಆಮೇಲೂ ನೀವು ಮಗುವನ್ನು ಕೊಡದಿದ್ದರೆ ವಕೀಲರ ಕಾಗದ ಬರುತ್ತದೆ, ನನ್ನದಲ್ಲ.

ಶೈಲಾ

ಕುಮಟಾ
10 ಮಾರ್ಚ್ 2025

ಎರಡು ಭಾನುವಾರವಾಯಿತು, ನಿಮ್ಮ ಫೋನು ಬಂದ್ ಇದೆ. ಹಸೀನಾಬಿಯವರ ಫೋನಿಗೆ ಮಾಡಿದರೆ, "ಅವರು ಊರಾಗಿಲ್ಲವಾ, ನಾಗಾವಿಗೆ ಹೋಗ್ಯಾರ" ಎಂದರು. ಹಿಂದಿನಿಂದ ನನ್ನ ಮಗಳ ದನಿ ಕೇಳುತ್ತಿತ್ತು.

ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಳ್ಳಬೇಡಿ. ಇದನ್ನು ಕೈಮುಗಿದು ಬರೆಯುತ್ತಿದ್ದೇನೆ.

ಶೈಲಾ

ಬೆಟಗೇರಿ
18 ಮಾರ್ಚ್ 2025

ಶೈಲಾಳಿಗೆ,

ವಕೀಲರ ಹೆಸರು ತೆಗೆದವಳ ಜೊತೆ ಭಾನುವಾರ ಏನು ಮಾತಾಡುವುದೆಂದು ಫೋನು ಬಂದ್ ಮಾಡಿದ್ದೆ. ಈ ಭಾನುವಾರದಿಂದ ಚಾಲೂ ಇರುತ್ತದೆ.

ಗಂಜಿಯ ಮಾತು. ನಾವು ನೇಕಾರರು. ನಮ್ಮ ಮನೆಯಲ್ಲಿ ಗಂಜಿ ಹಚ್ಚದ ನೂಲು ಎಲ್ಲಿರುತ್ತದೆ? ಕೈಗೆ ಸಿಕ್ಕ ಉಂಡೆ ತೆಗೆದುಕೊಂಡು ಸುತ್ತಿದೆ. ಮಗ್ಗದ ಹಿಡಿಕೆಗೆ ಹೀಗೇ ಸುತ್ತುತ್ತಾ ಬಂದವಳು, ಇದಕ್ಕೂ ಹಾಗೇ ಸುತ್ತಿದೆ. ಸಮುದ್ರ ನನಗೇನು ಗೊತ್ತು? ಇದನ್ನು ಮೋಸ ಅಂದರೆ ನಾನೇನು ಮಾಡಲಿ?

ಮಹಬೂಬಸಾಬರನ್ನು ನೋಡಲು ಕಳಿಸಿದ್ದು ಖರೆ. ಮೊಮ್ಮಗಳಿಗಾಗಿ ಮತ್ತೆ ಕಳಿಸಬೇಕಾದರೂ ಕಳಿಸುತ್ತೇನೆ. ಆದರೆ ಅವರು ಬಂದು ಹೇಳಿದ್ದು ನಾನು ಕಾಯುತ್ತಿದ್ದ ಖಬರಲ್ಲ. ಅವರು ಬಾಗಿಲಲ್ಲಿ ನಿಂತೇ ಹೇಳಿದರು: "ಸುಮಿತ್ರವ್ವಾರ, ಅಲ್ಲಿ ಯಾವ ಗಂಡಸೂ ಇಲ್ರಿ. ನನ್ನ ಹೆಸರಿನ ಮ್ಯಾಲೆ ನಂಬ್ರಿ. ಆದ್ರ ಆ ಹುಡುಗಿ ಚಾದ ಕಪ್ ಎಡಗೈಲೆ ಕೊಟ್ಟಳ್ರಿ. ಬಲಗೈ ಸೆರಗಿನಾಗ ಮುಚ್ಚಿಟ್ಟಿದ್ದಳು. ಎದ್ದು ಬರೂ ಮುಂದ ನೋಡೀನಿ, ಅಂಗೈಗೆ ದಪ್ಪ ಪಟ್ಟಿ ಸುತ್ತಿತ್ತು."

ಒಂದು ತಿಂಗಳಿನಿಂದ ಇದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿದೆ. ನೀನು ಅಳತೆ ತೆಗೆದದ್ದು ಪಟ್ಟಿಯ ಮೇಲಿನಿಂದಲೇ? ಕೈಗೆ ಏನಾಗಿದೆ?

ಸುಮಿತ್ರವ್ವ

ಕುಮಟಾ
24 ಮಾರ್ಚ್ 2025

ಅತ್ತೆಯವರಿಗೆ,

ನಿನ್ನೆ ಸುಶ್ಮಿತಾ ನಲವತ್ತು ನಿಮಿಷ ಮಾತಾಡಿದಳು. ಅದಕ್ಕೆ ಉಪಕಾರ.

ನೀವು ಕೇಳಿದ್ದೀರಿ, ಹೇಳುತ್ತೇನೆ. ಡಿಸೆಂಬರ್ ಇಪ್ಪತ್ತೆಂಟಕ್ಕೆ ಹೊಸ ರೆಕ್ಕೆಯ ಹಿಡಿಕೆ ಜಾರಿ ನೀರಿಗೆ ಬಿದ್ದೆ. ಹಲಗೆ ಮಗುಚಿ ಅದರ ಅಲಗು ಬಲ ಅಂಗೈಯನ್ನು ಸೀಳಿತು. ಏಳು ಹೊಲಿಗೆ. ನಡುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಹೌದು, ಪಟ್ಟಿಯ ಮೇಲಿನಿಂದಲೇ ಅಳತೆ ತೆಗೆದೆ. ನೂಲು ಸುತ್ತಲು ಆಗುವುದಿಲ್ಲ ಎಂದದ್ದೂ ಅದಕ್ಕೇ. ನೀರಿನಲ್ಲಿ ಕೈ ಉಬ್ಬುತ್ತದೆ ಎಂದು ಬರೆದದ್ದು ಸುಳ್ಳು.

ಯಾಕೆ ಮುಚ್ಚಿಟ್ಟೆ ಎಂದು ನಿಮಗೇ ಗೊತ್ತು. ಗೊತ್ತಾಗಿದ್ದರೆ, "ಕೈ ಕಾಲು ಮುರಕೊಳ್ಳೂ ಕೆಲಸ ಮಾಡಾಕಿ ಕೂಸಿನ್ನ ಹೆಂಗ ನೋಡ್ತಾಳ" ಎನ್ನುತ್ತಿದ್ದಿರಿ. ಓಣಿಗೆಲ್ಲ ಹೇಳುತ್ತಿದ್ದಿರಿ. ನಿಮ್ಮ ಮಗನ ಸಾವನ್ನೂ ಎಳೆದು ತರುತ್ತಿದ್ದಿರಿ. ಅದು ನನಗೆ ಬೇಕಿರಲಿಲ್ಲ.

ಫೆಬ್ರವರಿಯಲ್ಲಿ ಬಿದ್ದ ಪೆಟ್ಟಿಗೆ ಎರಡು ಹೊಲಿಗೆಯಷ್ಟು ಗಾಯ ಮತ್ತೆ ಬಾಯಿಬಿಟ್ಟಿತು. ಅದನ್ನೂ ಬರೆದಿರಲಿಲ್ಲ. ಈಗ ಗಾಯ ಮಾಯ್ದಿದೆ, ಪಟ್ಟಿ ಇಲ್ಲ.

ಇನ್ನೊಂದು ಮಾತು. ಗಂಜಿ ಹಚ್ಚದ ನೂಲು ನಮ್ಮ ಮನೆಯಲ್ಲಿ ಎಲ್ಲಿರುತ್ತದೆ ಎಂದು ಕೇಳಿದ್ದೀರಿ. ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಹಾಸಿನ ನೂಲಿಗೆ ಮಾತ್ರ ಗಂಜಿ. ಲಾಳಿಯೊಳಗೆ ಹೋಗುವ ಹೊಕ್ಕಿನ ನೂಲಿಗೆ ಯಾರು ಗಂಜಿ ಹಾಕುತ್ತಾರೆ, ಅತ್ತೆ? ಅದು ನಿಮ್ಮ ಬಲಗಡೆಯ ಬುಟ್ಟಿಯಲ್ಲಿ ಯಾವಾಗಲೂ ತುಂಬಿರುತ್ತದೆ. ಮಗ್ಗದ ಹಿಡಿಕೆಗೂ ನೀವು ಸುತ್ತುತ್ತಿದ್ದದ್ದು ಅದನ್ನೇ, ಬೆವರಿಗೆ ಗಂಜಿ ಜಿಗುಟಾಗುತ್ತದೆ ಎಂದು.

ನಾನು ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡೆ. ನಿಮ್ಮಿಂದ ಏನನ್ನೂ ಕೇಳುವುದಿಲ್ಲ.

ಪರೀಕ್ಷೆಗೆ ಹದಿಮೂರು ದಿನ ಇದೆ. ಈಗ ಟೇಪು ಸುತ್ತಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಹತ್ತಕ್ಕೆ ನಾಲ್ಕು ಸಲ ಜಾರುತ್ತದೆ.

ಶೈಲಾ

ಬೆಟಗೇರಿ
30 ಮಾರ್ಚ್ 2025

ಶೈಲಾಳಿಗೆ,

ನಿನ್ನ ಕಾಗದ ಬಂದ ದಿನ ನಾನು ಮಗ್ಗಕ್ಕೆ ಕೂರಲಿಲ್ಲ. ನಿಮ್ಮ ಮಾವ ಎರಡು ಸಲ ಕೇಳಿದರು, ತಲೆಶೂಲೆ ಅಂದೆ.

ಸುದೀಪ ಸರ್ ಒಂದು ಜೋಡಿ ಹಿಡಿಕೆ ಹೆಚ್ಚಿಗೆ ಕೊಡುತ್ತಾರೆಯೇ ಎಂದು ಮಹಬೂಬಸಾಬರಿಂದ ಫೋನು ಮಾಡಿಸಿ ಕೇಳಿದೆ. ನಿನಗೆ ಹೇಳಬೇಡಿ ಅಂದಿದ್ದೆ. ಅವರು ಲಾರಿಯಲ್ಲಿ ತಂದುಕೊಟ್ಟರು. ಸುತ್ತಿ ಅವರ ಲಾರಿಯಲ್ಲೇ ಈ ಕಾಗದದ ಜೊತೆ ಕಳಿಸಿದ್ದೇನೆ, ಅವು ಈಗ ನಿನ್ನ ಕೈಯಲ್ಲಿವೆ.

ಹೊಕ್ಕಿನ ನೂಲು. ಎರಡು ಸಲ ಕುದಿಸಿ ತೆಗೆದಿದ್ದೇನೆ, ಹಿಟ್ಟಿನ ಅಂಶ ಎಳ್ಳಷ್ಟೂ ಇಲ್ಲ. ನಾಲ್ಕು ಎಳೆ ಸೇರಿಸಿ ಹುರಿ ಮಾಡಿ, ಉಪ್ಪುನೀರಲ್ಲಿ ನೆನೆಸಿ, ಹಸಿ ಇದ್ದಾಗಲೇ ಬಿಗಿದು ಸುತ್ತಿದ್ದೇನೆ. ಮೇಲೆ ಮೇಣ ಹಚ್ಚಿಲ್ಲ, ಮೇಣ ಜಾರುತ್ತದೆ. ನೀರು ಕುಡಿದಷ್ಟೂ ನೂಲು ದಪ್ಪವಾಗಿ ಬಿಗಿಯುತ್ತದೆ. ಮಡಚದ ಬೆರಳಿಗೆ ಆಸರೆ ಸಿಗಲೆಂದು ಬಲಗೈಯ ಹಿಡಿಕೆಗೆ ನಡುವೆ ಒಂದು ಏಣು ಎಬ್ಬಿಸಿದ್ದೇನೆ. ಮಗ್ಗದ ಮೊಳೆಗಿದ್ದ ನಿನ್ನ ಹಳೆಯ ದಾರದ ಅಳತೆಗೆ ಸುತ್ತಿದ್ದೇನೆ.

ಈಗ ನೀನು ಕೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ಅಂದು ಹೊಕ್ಕಿನ ಬುಟ್ಟಿ ನನ್ನ ಪಕ್ಕದಲ್ಲೇ ಇತ್ತು. ನಾನು ಎದ್ದು ಹೋಗಿ ಆಚೆ ಮೂಲೆಯಿಂದ ಹಾಸಿನ ನೂಲು ತಂದೆ. ನಿಮ್ಮ ಮಾವ ನೋಡಿ, "ನೀರಿಗೆ ಹೋಗೂ ಹಿಡಿಕಿಗೆ ಗಂಜಿ ನೂಲು ಯಾಕ ಸುತ್ತಾಕತ್ತೀದಿ?" ಎಂದು ಕೇಳಿದರು. "ನಿಮಗೇನ್ ಗೊತ್ತಾಗತೈತಿ, ಸುಮ್ನ ಕುಂಡ್ರಿ" ಅಂದೆ. ಅವರು ಸುಮ್ಮನೆ ಕೂತರು. ಅವರು ಏನೂ ಅನ್ನಲಿಲ್ಲ ಎಂದು ನಿನಗೆ ಬರೆದೆನಲ್ಲ, ಅದು ಹಾಗೆ.

ನೀನು ಬೀಳುತ್ತೀಯ ಎಂದು ಗೊತ್ತಿತ್ತು. ಈಜು ಬರುತ್ತದೆ, ಬಿದ್ದರೆ ಏನಾಗುತ್ತದೆ, ನಾಲ್ಕು ಸಲ ಬಿದ್ದು ಬೇಸತ್ತು ಪರೀಕ್ಷೆ ಬಿಡುತ್ತಾಳೆ, ನನ್ನ ಕೂಸು ನನ್ನ ಹತ್ತಿರ ಉಳಿಯುತ್ತದೆ ಎಂದುಕೊಂಡೆ. ನಿನ್ನ ಕೈಗೆ ಹೊಲಿಗೆ ಇತ್ತೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮಾಡುತ್ತಿರಲಿಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ಗಂಡಸಿನ ಕೈ ಎಂದುಕೊಂಡೇ ನಾನು ಆ ಹಿಡಿಕೆ ಸುತ್ತಿದ್ದೆ. ಯಾರ ಕೈಯಾದರೂ ಜಾರಲಿ ಎಂದೇ ಸುತ್ತಿದ್ದೆ. ಮೂವತ್ತೈದು ವರ್ಷದಲ್ಲಿ ನನ್ನ ಕೈಯಿಂದ ಅಂಥ ಕೆಲಸ ಅದೊಂದೇ. ಅದು ನಿನ್ನ ಪಾಲಿಗೆ ಬಂತು.

ಇಷ್ಟು ಹೇಳಿದ ಮೇಲೆ ಈ ಜೋಡಿಯನ್ನು ನಂಬು ಎನ್ನಲು ನನಗೆ ಬಾಯಿಲ್ಲ. ಬೇಡವಾದರೆ ಬಿಸಾಡು.

ಸುಮಿತ್ರವ್ವ

ಕುಮಟಾ
8 ಏಪ್ರಿಲ್ 2025

ಅತ್ತೆಯವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಆ ಹಿಡಿಕೆಗಳನ್ನು ಮುಟ್ಟಲಿಲ್ಲ. ಮೂರನೇ ದಿನ ಬಕೆಟ್ಟಿನಲ್ಲಿ ಸಮುದ್ರದ ನೀರು ತುಂಬಿ ಅವುಗಳನ್ನು ಮುಳುಗಿಸಿಟ್ಟೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ತೆಗೆದು ಹಿಂಡಿದೆ, ಮೂಸಿದೆ, ನಾಲಿಗೆಗೆ ಹಚ್ಚಿ ನೋಡಿದೆ. ಸುದೀಪ ಸರ್ ಹೆಂಡತಿ, "ಅದೇನು ಉಪ್ಪಿನಕಾಯಿ ಹಾಕಿದ್ಯೇನೆ?" ಎಂದು ನಕ್ಕರು. ನಾನು ನಗಲಿಲ್ಲ. ಬೇಕೆಂದೇ ಜಾರುವ ಹಿಡಿಕೆ ಮಾಡಿದೆ ಎಂದು ಬರೆದವರ ಕೆಲಸವನ್ನು ಇಷ್ಟು ಪರೀಕ್ಷಿಸಿದ್ದಕ್ಕೆ ನನಗೆ ಬೇಸರವಿಲ್ಲ. ನಿಮಗಾದರೆ ಆಗಲಿ.

ಅಷ್ಟಾದರೂ ನಂಬಿಕೆ ಬರಲಿಲ್ಲ. ನಿಜ ಹೇಳುತ್ತೇನೆ, ಪರೀಕ್ಷೆಯ ದಿನ ಬೆಳಿಗ್ಗೆ ಬಲಗೈ ಹಿಡಿಯುವ ಮುಂದಿನ ಜಾಗಕ್ಕೆ ನಿಮ್ಮ ಹಿಡಿಕೆ, ಎಡಗೈಯ ಹಿಂದಿನ ಜಾಗಕ್ಕೆ ಅಂಗಡಿಯ ಟೇಪು ಸುತ್ತಿದ್ದು ಹಾಕಿದೆ. ಎರಡೂ ಒಟ್ಟಿಗೆ ಕೈಕೊಡಲಾರವು ಎಂಬ ಧೈರ್ಯ. ಮೊದಲ ಸುತ್ತಿನಲ್ಲೇ ಟೇಪು ಬಿಟ್ಟಿತು. ಉಳಿದ ಇಪ್ಪತ್ತು ನಿಮಿಷ ಗಾಳಿಯ ಪೂರ್ತಿ ಎಳೆತ ನೀವು ಸುತ್ತಿದ ಹಿಡಿಕೆಯ ಮೇಲಿತ್ತು. ಬಲಗೈ ಒಂದು ಸಲವೂ ಸರಿಯಲಿಲ್ಲ. ಆ ಏಣು ನನ್ನ ಬೆರಳಿಗೆ ಎಲ್ಲಿ ಬೇಕೋ ಅಲ್ಲೇ ಕೂತಿತ್ತು.

ಪಾಸಾಗಿದ್ದೇನೆ. ಕಾಯಂ ಪತ್ರ ಕೈಗೆ ಬಂದಿದೆ.

ಮೇ ಇಪ್ಪತ್ತೈದು, ಭಾನುವಾರ, ಸುಶ್ಮಿತಾಳನ್ನು ಕರೆದೊಯ್ಯಲು ಬರುತ್ತೇನೆ. ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನ ಎರಡರ ಬಸ್ಸಿಗೆ ಹೊರಡುತ್ತೇವೆ. ಮನೆಗೆ ಬರುವುದಿಲ್ಲ, ಗದಗ ಬಸ್‌ಸ್ಟ್ಯಾಂಡಿನಲ್ಲೇ ಇರುತ್ತೇನೆ. ಮನೆಗೆ ಬಂದರೆ ಜಗಳವಾಗುತ್ತದೋ ಅಳು ಬರುತ್ತದೋ ಗೊತ್ತಿಲ್ಲ, ಎರಡೂ ಅವಳೆದುರು ಬೇಡ. ಶಾಲೆಯಿಂದ ಅವಳ ಟಿ.ಸಿ. ತೆಗೆಸಿಡಿ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೂತಿದ್ದೆ. ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಶೈಲಾ

ಬೆಟಗೇರಿ
19 ಮೇ 2025

ಶೈಲಾಳಿಗೆ ಆಶೀರ್ವಾದ.

ಟಿ.ಸಿ. ತಂದಿಟ್ಟಿದ್ದೇನೆ. ತಡವಾದದ್ದು ಶಾಲೆಯವರಿಂದಲ್ಲ. ಫೆಬ್ರವರಿಯಲ್ಲಿ ನಾನೇ ಹೋಗಿ ಹೆಡ್‌ಮಾಸ್ತರರಿಗೆ, "ಯಾರು ಬಂದು ಕೇಳಿದ್ರೂ ಈ ಹುಡುಗಿ ಟಿ.ಸಿ. ಕೊಡಬ್ಯಾಡ್ರಿ" ಎಂದು ಹೇಳಿ ಬಂದಿದ್ದೆ. ಈಗ ಕೇಳಲು ಹೋದಾಗ ಅವರು ನನ್ನ ಮುಖವನ್ನೇ ನೋಡಿದರು, "ಯಾರು ಕೇಳಿದ್ರೂ ಅಂದಿದ್ರಲ್ಲವ್ವಾ" ಅಂದರು. ಎರಡು ಸಲ ತಿರುಗಾಡಿಸಿ ಕೊಟ್ಟರು. ಸರಿಯಾಗಿಯೇ ಮಾಡಿದರು.

ಅವಳ ಬಟ್ಟೆ ಎರಡು ಚೀಲವಾಗಿವೆ. ಕೆಮ್ಮಿದರೆ ಬಿಸಿನೀರಿಗೆ ಓಂಕಾಳು ಹಾಕಿ ಕೊಡು, ಔಷಧದ ಬಾಟಲಿ ನೋಡಿದರೆ ವಾಂತಿ ಮಾಡಿಕೊಳ್ಳುತ್ತಾಳೆ. ತಲೆ ಬಾಚುವಾಗ ಎಡಗಡೆಯಿಂದ ಶುರು ಮಾಡು, ಬಲಗಡೆ ಸಿಕ್ಕು ಜಾಸ್ತಿ. ನಿದ್ದೆಯಲ್ಲಿ ಪಕ್ಕದವರ ಸೆರಗು ಹಿಡಿದುಕೊಳ್ಳುತ್ತಾಳೆ, ಬಿಡಿಸಬೇಡ. ನೀರಿಗೆ ಇಳಿಸಬೇಡ ಎಂದು ಬರೆಯುವವಳಿದ್ದೆ. ಬರೆದರೂ ನೀನು ಇಳಿಸುತ್ತೀಯ, ಅವಳೂ ಇಳಿಯುತ್ತಾಳೆ. ಮೊದಲು ಈಜು ಕಲಿಸು.

ಕ್ಷಮೆಯ ಮಾತು ನೀನು ಬರೆಯದಿದ್ದದ್ದೇ ಒಳ್ಳೆಯದಾಯಿತು. ಬರೆದಿದ್ದರೆ ನಾನು ನಂಬುತ್ತಿರಲಿಲ್ಲ, ಇವಳಿಗೆ ಇನ್ನೇನು ಬೇಕಾಗಿದೆ ಎಂದು ಯೋಚಿಸುತ್ತಾ ಕೂರುತ್ತಿದ್ದೆ.

ಭಾನುವಾರ ಅವಳನ್ನು ಬಸ್‌ಸ್ಟ್ಯಾಂಡಿಗೆ ಹಸೀನಾಬಿ ಮತ್ತು ನಿಮ್ಮ ಮಾವ ಕರೆತರುತ್ತಾರೆ. ನಾನು ಬರುವುದಿಲ್ಲ. ನಿನ್ನ ಮೇಲಿನ ಸಿಟ್ಟಿಗಲ್ಲ. ಬರುತ್ತೇನೆ ಎಂದೇ ಮೊನ್ನೆಯವರೆಗೂ ಅಂದುಕೊಂಡಿದ್ದೆ, ಉಡುವ ಸೀರೆಯನ್ನೂ ತೆಗೆದಿಟ್ಟಿದ್ದೆ. ನಿನ್ನೆ ಅವಳನ್ನು ಪೇಟೆಗೆ ಕರೆದುಕೊಂಡು ಹೋಗಿ ಬರುವಾಗ, "ಅಜ್ಜೀ, ಕೈ ಬಿಡು, ನೋಯಾಕತ್ತೈತಿ" ಅಂದಳು. ನೋಡಿದರೆ ಅವಳ ಮಣಿಕಟ್ಟಿನ ಮೇಲೆ ನನ್ನ ಐದೂ ಬೆರಳು ಕೆಂಪಗೆ ಮೂಡಿದ್ದವು. ಅಷ್ಟು ಬಿಗಿಯಾಗಿ ಹಿಡಿದಿದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ.

ಇಷ್ಟು ದಿನ ನಿನ್ನ ಮೇಲೆ, ಆ ಕೇಂದ್ರದವರ ಮೇಲೆ, ಇಲ್ಲದ ಗಂಡಸಿನ ಮೇಲೆ ಅನುಮಾನ ಪಟ್ಟೆ. ಈಗ ನನ್ನ ಕೈಯ ಮೇಲೇ ನನಗೆ ಅನುಮಾನ ಬಂದಿದೆ. ಬಸ್ಸು ಹೊರಡುವ ಹೊತ್ತಿಗೆ ಅದು ಅವಳನ್ನು ಬಿಡುತ್ತದೆ ಎಂದು ನಾನು ನಂಬುವುದಿಲ್ಲ.

ಸುಮಿತ್ರವ್ವ